ಒಡ್ಡಿನ ಮೇಲೆ ನಡೆಯೋಕೆ ಯಾರ ಎನ್‌ಓಸಿ ಬೇಕು?

ನಾನು ಗೋವಾದಲ್ಲಿ ಒಂದು ಆರ್ಟ್ ರೆಸಿಡೆನ್ಸಿಯಲ್ಲಿ ಪ್ರೋಗ್ರಾಂ ಕೋಆರ್ಡಿನೇಟರ್. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ರೂಮಿನ ಕೀಲಿ, ಬಾಡಿಗೆ ಸ್ಕೂಟರ್, ಸೊಳ್ಳೆ ಬತ್ತಿ, ರನ್ ಶೀಟ್. ಕಲಾವಿದರು ಬರುತ್ತಾರೆ, ತಿಂಗಳುಗಟ್ಟಲೆ ಇರುತ್ತಾರೆ, ಕೊನೆಗೆ ಓಪನ್ ಸ್ಟುಡಿಯೋ ಮಾಡಿ ಹೋಗುತ್ತಾರೆ. ಈ ಸಲದ ಥೀಮ್ ನದಿ, ಮರ ಮತ್ತು ನಡಿಗೆ. ಸ್ಟುಡಿಯೋದಲ್ಲಿ ಕೂತು ಚಿತ್ರ ಬಿಡಿಸೋ ಹಾಗಿಲ್ಲ. ಜಾಗದಲ್ಲಿ ನಡೀಬೇಕು, ನಡೆದದ್ದರಿಂದಲೇ ಕೆಲಸ ಹುಟ್ಟಬೇಕು. ಜಾಗ ದಿವಾರ್ ದ್ವೀಪ. ಹಳೇ ಗೋವಾದ ಧಕ್ಕೆಯಿಂದ ಫೆರ್ರಿ ಹತ್ತಿದರೆ ಮಾಂಡವಿ ನದಿ ದಾಟಿ ಆಚೆ ದಡ.

ಮೊದಲ ಮೀಟಿಂಗಲ್ಲೇ ಕ್ಯುರೇಟರ್ ಪರದೆ ಮೇಲೆ ಒಂದು ಕಪ್ಪು ಬಿಳುಪು ಫೋಟೋ ಹಾಕಿದರು. 1967ರಲ್ಲಿ ರಿಚರ್ಡ್ ಲಾಂಗ್ ಅನ್ನೋ ಇಂಗ್ಲೆಂಡಿನ ಹುಡುಗ, ಆಗ ಇನ್ನೂ ವಿದ್ಯಾರ್ಥಿ, ಒಂದು ಹುಲ್ಲುಗಾವಲಲ್ಲಿ ಹೋಗಿದ್ದೇ ಹೋಗಿ ಬಂದಿದ್ದೇ ಬಂದು ಹುಲ್ಲು ಮಲಗಿ ಗೆರೆ ಮೂಡಿದ ಮೇಲೆ ಅದರ ಫೋಟೋ ತೆಗೆದ. ಅಷ್ಟೇ ಕೃತಿ. ಈಗ ಅದು ಕಲೆಯ ಚರಿತ್ರೆಯಲ್ಲಿ ಇದೆ. ನನಗೂ ಅದು ಇಷ್ಟವಾಯಿತು, ಸುಳ್ಳು ಹೇಳಲ್ಲ. ಆದರೆ ಆ ಹುಲ್ಲುಗಾವಲು ಯಾರದು, ಅಲ್ಲಿ ದನ ಮೇಯುತ್ತಿತ್ತೋ ಏನೋ ಅಂತ ಯಾರೂ ಕೇಳಲಿಲ್ಲ. ನಾವು ನಡೆಯೋಕೆ ಹೊರಟಿದ್ದು ಮಾತ್ರ ಖಾಲಿ ಹುಲ್ಲಿನ ಮೇಲಲ್ಲ. ಖಾಜನ್ ಒಡ್ಡಿನ ಮೇಲೆ.

ಖಾಜನ್ ಅಂದರೆ ನಮ್ಮ ಕುಮಟಾ ಕಡೆಯ ಗಜನಿಯೇ. ಉಪ್ಪು ನದಿಗೆ ಅಡ್ಡ ಮಣ್ಣಿನ ಒಡ್ಡು ಹಾಕಿ, ಒಳಗಿನ ತಗ್ಗಿನಲ್ಲಿ ಮಳೆಗಾಲಕ್ಕೆ ಭತ್ತ, ಆಮೇಲೆ ಸಿಗಡಿ ಮೀನು. ಗೋವಾದಲ್ಲಿ ಇಂಥ ಭೂಮಿ ಸುಮಾರು 18,000 ಹೆಕ್ಟೇರ್ ಇದೆ. ಪೋರ್ಚುಗೀಸರು ಬಂದದ್ದು 1510ರಲ್ಲಿ, ಒಡ್ಡುಗಳು ಅದಕ್ಕೂ ಹಳೇವು. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್, ಎರಡೂ ಸ್ವಲ್ಪ ಉಪ್ಪು ತಡೆಯುತ್ತವೆ. ನೀರು ಬಿಡೋ ಬಾಗಿಲಿಗೆ ನಮ್ಮಲ್ಲಿ ಜಂತ್ರಡಿ ಅಂತಾರೆ, ಇಲ್ಲಿ ಮಾನಸ್. ಅಘನಾಶಿನಿ ಅಳಿವೆ ದಡದಲ್ಲಿ ಹುಟ್ಟಿ ಬೆಳೆದವನು ಅನ್ನೋ ಒಂದೇ ಕಾರಣಕ್ಕೆ ಈ ಪ್ರಾಜೆಕ್ಟ್ ನನ್ನ ತಲೆಗೆ ಕಟ್ಟಿದರು.

ಎನ್‌ಓಸಿ ಎಲ್ಲಾ ಇತ್ತು. ಪಂಚಾಯತಿದು, ಡ್ರೋನಿಂದು, ಫೆರ್ರಿಯಲ್ಲಿ ಶೂಟಿಂಗಿಂದು. ಬಾಗಿಲು ನೋಡಿಕೊಳ್ಳುವ ಒಕ್ಕಲು ಸಂಘದವರಿಗೆ ಮಾತ್ರ ಒಂದು ಫೋನ್ ಕೂಡ ಹೋಗಿರಲಿಲ್ಲ. 1964ರ ಗೇಣಿ ಕಾಯ್ದೆ ಬಂದ ಮೇಲೆ ಒಡ್ಡುಗಳ ಉಸ್ತುವಾರಿ ಗಾಂವ್ಕಾರಿ ಅನ್ನೋ ಹಳೇ ಊರ ಸಂಸ್ಥೆಗಳ ಕೈಯಿಂದ ಈ ಸಂಘಗಳ ಕೈಗೆ ಬಂತು. ಬಜೆಟ್ ಶೀಟಲ್ಲಿ ಕ್ಯುರೇಟರಿಗೆ ಒಂದು ಸಾಲು, ಡ್ರೋನಿಗೆ ಒಂದು ಸಾಲು, ಎಳನೀರಿಗೂ ಒಂದು ಸಾಲು. ಒಡ್ಡು ಕಾಯುವವರಿಗೆ ಇಲ್ಲ. ಕೇಳಿದರೆ 'ಅದು ಕಮ್ಯುನಿಟಿ ಎಂಗೇಜ್‌ಮೆಂಟಲ್ಲಿ ಬರುತ್ತೆ' ಅಂದರು. ಆ ಸಾಲಲ್ಲಿ ಇದ್ದದ್ದು ಟೀ ಶರ್ಟ್.

ಕಲಾವಿದರಲ್ಲಿ ಒಬ್ಬರು ಧಾರವಾಡದ ಕಡೆಯವರು. ಪ್ರಿಂಟ್‌ಮೇಕರ್, ಅರವತ್ತು ದಾಟಿದ ಮೇಡಂ. ಉಳಿದವರೆಲ್ಲ ಜಿಪಿಎಸ್ ಹಾಕಿಕೊಂಡು ದ್ವೀಪ ಸುತ್ತಿ ಮ್ಯಾಪಿನಲ್ಲಿ ಕೆಂಪು ಗೆರೆ ಬಿಡಿಸುತ್ತಿದ್ದರೆ, ಇವರು ಬೆಳಿಗ್ಗೆ ಸಂಜೆ ಅದೇ ಅರ್ಧ ಫರ್ಲಾಂಗು. ಮಾನಸಿನ ಹತ್ತಿರದಿಂದ ಒಂದು ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ತನಕ ಹೋಗೋದು, ಬರೋದು. ನೀರಿನ ಕಡೆ ಕೆಸರಲ್ಲಿ ಒಂದು ಬಿದಿರು ಗಳ ನೆಟ್ಟು ಅದಕ್ಕೆ ಕೋರಾ ಬಟ್ಟೆ ಸುತ್ತಿದ್ದರು. ಉಬ್ಬರ ಬಂದು ಇಳಿದ ಹಾಗೆಲ್ಲ ಬಟ್ಟೆ ಮೇಲೆ ಒಂದು ಮಣ್ಣಿನ ಗೆರೆ. ಅದನ್ನ ಬಿಚ್ಚಿ ಒಣಗಿಸಿ, ಮತ್ತೊಂದು ಸುತ್ತೋದು. ನಾನು ವಾರದ ರಿಪೋರ್ಟಲ್ಲಿ ಅವರ ಹೆಸರಿನ ಮುಂದೆ 'ರೂಟ್ ಪೂರ್ತಿಯಾಗಿಲ್ಲ' ಅಂತ ಬರೆದೆ. ಹಾಗೆ ನೋಡಿದರೆ ಸೋಮಾರಿತನ ಅಂತಲೇ ಅಂದುಕೊಂಡಿದ್ದೆ. ಕಿಲೋಮೀಟರ್ ಕಾಲಂ ತುಂಬಬೇಕಿತ್ತು, ಅವರದ್ದು ತುಂಬುತ್ತಿರಲಿಲ್ಲ.

ಒಂದಿನ ಆ ಗಿಡದ ಎಲೆ ಕಿತ್ತು ನನ್ನ ಕೈಗೆ ಕೊಟ್ಟರು. 'ನೆಕ್ಕಿ ನೋಡು ತಮ್ಮಾ' ಅಂದರು. ಎಲೆಯ ಮೇಲೆ ಪುಡಿ ಪುಡಿಯಾಗಿ ಬಿಳಿ. ಉಪ್ಪು. ಬೇರಲ್ಲಿ ಎಳೆದದ್ದರಲ್ಲಿ ಹೆಚ್ಚಾದ ಉಪ್ಪನ್ನು ಆ ಜಾತಿಯ ಕಾಂಡ್ಲಾ ಎಲೆಯಿಂದ ಹೊರಗೆ ಹಾಕುತ್ತೆ. ಬುಡದ ಸುತ್ತ ಉಸಿರಾಡೋ ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಕೆಸರಿಂದ ಮೇಲೆ ಎದ್ದಿರುತ್ತವೆ. 'ಮಳಿ ಜೋರಿದ್ದಾಗ ಎಲಿ ಸಪ್ಪಗಿತ್ತು, ಈಗ ಉಪ್ಪಾಗಲಿಕ್ಕೆ ಹತ್ತೇದ' ಅಂದರು. ಮಳೆ ಹಿಂದೆ ಸರಿದ ಹಾಗೆ ಸಮುದ್ರದ ಉಪ್ಪು ನದಿಯಲ್ಲಿ ಮೇಲೆ ಮೇಲೆ ಹೋಗುತ್ತೆ. ಮಾಂಡವಿಯಲ್ಲಿ ಉಬ್ಬರದ ಎಳೆತ ಸುಮಾರು 50 ಕಿಲೋಮೀಟರ್ ಒಳಗಿನ ತನಕ ಇದೆ. ಇದು ಗೊತ್ತಿರಬೇಕಾದ್ದು ನನಗೆ, ಹೇಳಿದ್ದು ಅವರು.

ಈಗ ವಿಷಯಕ್ಕೆ ಬರ್ತೀನಿ. ಮಹಾಲಯ ಅಮಾವಾಸ್ಯೆ ಮುಗಿದು ನವರಾತ್ರಿ ಹಿಡಿದಿತ್ತು. ಭತ್ತದ ತೆನೆ ತುಂಬೋ ಹೊತ್ತು. ಆಫೀಸಿಂದ ಒಂದು ಫರ್ಮಾನು: ಫಂಡ್ ಕೊಡೋರಿಗೆ ಎರಡು ನಿಮಿಷದ ವಿಡಿಯೋ ಬೇಕು, ಅದರಲ್ಲಿ 'ನದಿ ಉಸಿರಾಡೋದು' ಕಾಣಬೇಕು. ಸಂಜೆಯ ಬೆಳಕಲ್ಲಿ ಮಾನಸಿಂದ ನೀರು ಹೊರಗೆ ಧುಮುಕೋ ಶಾಟ್ ಬೇಕು ಅಂತ ವಿಡಿಯೋ ಹುಡುಗ ಪಟ್ಟು ಹಿಡಿದ. ಅಮಾವಾಸ್ಯೆ ಆಜುಬಾಜಲ್ಲಿ ಇಲ್ಲಿ ಸಂಜೆ ಹೊತ್ತಿಗೆ ಸರಿಯಾಗಿ ಇಳಿತ ಸಿಗುತ್ತೆ. ಎಲ್ಲಾ ಚೆನ್ನಾಗಿ ಕೂಡಿ ಬಂತು ಅಲ್ವಾ.

ಮಾನಸ್ ಅಂದರೆ ಮುರಕಲ್ಲಿನ ಕಟ್ಟಡದಲ್ಲಿ ನದಿ ಕಡೆಗೆ ನೇತು ಹಾಕಿದ ಮರದ ಬಾಗಿಲು. ಇಳಿತದಲ್ಲಿ ಒಳಗಿನ ನೀರು ತಳ್ಳಿ ಅದು ತಾನಾಗೇ ತೆರೆಯುತ್ತೆ, ಉಬ್ಬರದಲ್ಲಿ ನದಿ ನೀರೇ ಒತ್ತಿ ಮುಚ್ಚುತ್ತೆ. ಮೋಟರ್ ಇಲ್ಲ, ಸ್ವಿಚ್ ಇಲ್ಲ. ಶಾಟಿಗೆ ಸಾಕಾಗುವಷ್ಟು ಬಾಗಿಲು ತೆರೆದಿರಲಿಲ್ಲ, ನೀರು ಸುಮ್ನೆ ಸೋರುತ್ತಿತ್ತು. ಹುಡುಗ ಒಂದು ಮುರಕಲ್ಲು ತಂದು ಬಾಗಿಲಿಗೂ ಚೌಕಟ್ಟಿಗೂ ನಡುವೆ ಒತ್ತು ಕೊಟ್ಟ. 'ಐದು ನಿಮಿಷ ಸರ್' ಅಂದ. ನಾನು ಹೂಂ ಅಂದೆ. ಶಾಟ್ ಬಂತು. ಆಮೇಲೆ ಡ್ರೋನ್ ಏರಿತು, ಆಚೆ ದಡದ ಹಳೇ ಗೋವಾದ ಚರ್ಚು ಗೋಪುರ ಸಿಕ್ತು, ಮತ್ತೊಂದು ಬ್ಯಾಟರಿ ಹಾಕಿದರು, ಕತ್ತಲಾಯಿತು, ಸಾಮಾನು ಕಟ್ಟಿದೆವು. ಕಲ್ಲು ಅವನು ತೆಗೆದಿರ್ತಾನೆ ಅಂತ ನಾನು ಅಂದುಕೊಂಡೆ, ನಾನು ತೆಗೆದಿರ್ತೀನಿ ಅಂತ ಅವನು ಅಂದುಕೊಂಡ. ರನ್ ಶೀಟಲ್ಲಿ ಚಹಾ ಬ್ರೇಕ್ ಕೂಡ ಇತ್ತು, ಕಲ್ಲು ತೆಗೆಯೋ ಸಾಲು ಇರಲಿಲ್ಲ.

ಫೆರ್ರಿ ಧಕ್ಕೆಯಲ್ಲಿ ನಿಂತಿದ್ದಾಗ ಮೇಡಂ ಫೋನು. 'ತಮ್ಮಾ, ನೀರು ಒಳಗ ಹೊಂಟದ. ಈ ಹೊತ್ತಿನಾಗ ಹಂಗ ಹೋಗಬಾರದು. ಸಪ್ಪಳನ ಬ್ಯಾರೆ ಅದ.'

ನನ್ನ ಬಾಯಿ ಒಣಗಿತು. ಡ್ರೈವರ್ ಕಾಕಾ ಏನಾಯ್ತು ಅಂತ ಕೇಳದೇ ಗಾಡಿ ತಿರುಗಿಸಿದರು. ಹೆಡ್‌ಲೈಟ್ ಬೆಳಕಲ್ಲಿ ರಸ್ತೆಯ ಎರಡೂ ಕಡೆ ತೆನೆ ಬಾಗಿದ ಗದ್ದೆ. ಅದನ್ನ ನೋಡೋಕೆ ಆಗ್ತಿರಲಿಲ್ಲ. ನಮ್ಮನೆಯಲ್ಲಿ ಇಂಥ ಕೆಲಸ ಮಾಡಿದ್ದರೆ ಅಪ್ಪ ನನ್ನನ್ನ ಒಡ್ಡಿಂದ ಕೆಳಗೆ ನೂಕುತ್ತಿದ್ದರು. ಮಾನಸಿನ ಹತ್ತಿರ ಹೋದರೆ ಮೇಡಂ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದಾರೆ. ಬಾಗಿಲ ಸಂದಿಯಿಂದ ನದಿ ಒಳಗೆ ನುಗ್ಗುತ್ತಿತ್ತು, ಮೊಣಕಾಲೆತ್ತರದ ನೊರೆ.

ಕೆಳಗಿಳಿದು ಕಲ್ಲಿಗೆ ಕೈ ಹಾಕಿದೆ. ಅಲುಗಲಿಲ್ಲ. ಹಲಗೆ ತುಂಬ ಕಲ್ವಾ (ಸಿಂಪಿ) ಚಿಪ್ಪು ಅಂಟಿತ್ತು, ಅಂಗೈ ಸೀಳಿತು. ಎರಡೂ ಕಾಲು ಗೋಡೆಗೆ ಕೊಟ್ಟು ಎಳೆದೆ. ಎಳೆದಷ್ಟೂ ಬಿಗಿ. ನೀರು ಏರುತ್ತಿತ್ತು, ಏರಿದಷ್ಟೂ ಬಾಗಿಲು ಕಲ್ಲನ್ನ ಕಚ್ಚುತ್ತಿತ್ತು. ವಿಡಿಯೋ ಹುಡುಗ ಟ್ರೈಪಾಡಿನ ಕಾಲು ಹಾಕಿ ಮೀಟಿದ, ಕಾಲು ಬಗ್ಗಿತು. ಅಷ್ಟೊತ್ತಿಗೆ ಒಬ್ಬ ಅಜ್ಜಿ ಕೊಂಕಣಿಯಲ್ಲಿ ಕೂಗುತ್ತಾ ಓಡಿ ಬಂದರು. ಏನೆಂದರು ಅಂತ ಇಲ್ಲಿ ಬರೆಯಲ್ಲ. ಕೊಂಕಣಿ ಬರದಿದ್ದರೆ ಚೆನ್ನಾಗಿತ್ತು ಅನಿಸಿದ್ದು ಅವತ್ತೇ.

ಅಜ್ಜಿಯ ಹಿಂದೆ ಕೊಪ್ಪಳದ ಅಣ್ಣ ಒಬ್ಬರು ಬಂದರು. ಒಡ್ಡು ರಿಪೇರಿಗೆ ಸಂಘದವರು ಕರೆಸಿದ ಆಳು, ಅಲ್ಲೇ ಶೆಡ್ಡಲ್ಲಿ ಇರೋದು. ನನ್ನ ಕನ್ನಡ ಕಿವಿಗೆ ಬಿದ್ದಿದ್ದೇ ತಡ, 'ಕಲ್ಲು ಎಳೀಬ್ಯಾಡ್ರೀ ಸರ, ನದಿ ಭಾರ ಪೂರ್ತಿ ಅದರ ಮ್ಯಾಲ ಐತಿ. ಮೊದಲ ಒಳಗಿನ ಹಲಗಿ ಬಿಡೋಣು' ಅಂದರು. ಒಳಗಡೆ ಗೋಡೆಯಲ್ಲಿ ಹಲಗೆ ಇಳಿಸೋ ಕೊರಕಲು ಇತ್ತು. ಪಕ್ಕದಲ್ಲೇ ಹಲಗೆಗಳ ರಾಶಿ. ಒಂದೊಂದಾಗಿ ಇಳಿಸಿದರು, ಕಾಲಲ್ಲಿ ತುಳಿದು ಕೂರಿಸಿದರು. ಬಾಗಿಲಿಗೂ ಹಲಗೆಗೂ ನಡುವಿನ ಗೂಡು ತುಂಬಿತು. ಆ ಕಡೆ ಈ ಕಡೆ ನೀರು ಸಮ ಆದ ಮೇಲೆ ಅಣ್ಣ ಗೂಡಿಗೆ ಇಳಿದು ಪಾದದಲ್ಲಿ ಕಲ್ಲನ್ನ ಒದ್ದರು. ಒಂದೇ ಒದೆ. ಕಲ್ಲು ಹೋಯ್ತು, ಬಾಗಿಲು ಧಡ್ ಅಂತ ಕೂತಿತು. ನಾನು ಮೈಯೆಲ್ಲ ಶಕ್ತಿ ಹಾಕಿ ಮಾಡೋಕಾಗದೇ ಇದ್ದದ್ದನ್ನ ಅವರು ನೀರಿನ ಕೈಯಲ್ಲೇ ಮಾಡಿಸಿದರು.

ನುಗ್ಗಿದ ನೀರು ಬಹುಪಾಲು ಬಾಗಿಲ ಹಿಂದಿನ ಹೊಂಡದಲ್ಲೇ ನಿಂತಿತ್ತು. ಹೊಂಡದಾಚೆ ಒಳ ಒಡ್ಡು ಇರೋದು ಅದಕ್ಕೇ. ಹತ್ತಿರದ ಒಂದೆರಡು ಗದ್ದೆಗೆ ಮಾತ್ರ ಉಪ್ಪು ಹತ್ತಿತು. ಮರುದಿನ ಇಳಿತದಲ್ಲಿ ಹೊರಗೆ ಬಿಟ್ಟರು. ಅಜ್ಜಿ ಶಾಂತವಾದ ಮೇಲೆ ನನ್ನ ಊರು ಕೇಳಿದರು. 'ಕರ್ನಾಟಕದವನಾ? ಮೇಲಿಂದ ಸಿಹಿ ನೀರು ತಿರುಗಿಸ್ತೀರಿ, ಕೆಳಗಿಂದ ಉಪ್ಪು ನೀರು ಬಿಡ್ತೀರಿ, ನಾವು ಎಲ್ಲಿಗೆ ಹೋಗೋದು ಬಾಬಾ?' ಈ ಮಾಂಡವಿಯೇ ನಮ್ಮ ಕಡೆ ಮಹದಾಯಿ. ಅದು ಹುಟ್ಟೋದು ಖಾನಾಪುರದ ಕಾಡಲ್ಲಿ, 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ. ಹುಬ್ಬಳ್ಳಿ ಧಾರವಾಡದವರ ಬಾಯಾರಿಕೆ ನನಗೂ ಗೊತ್ತು. ಆದರೆ ಮೇಲಿನ ಸಿಹಿ ನೀರು ಕಡಿಮೆಯಾದರೆ ಉಪ್ಪು ಇನ್ನೂ ಒಳಗೆ ಬರುತ್ತೆ ಅನ್ನೋ ಹೆದರಿಕೆ ಟಿವಿ ಚರ್ಚೆಯಲ್ಲಿ ಕೇಳಿದ್ದೇ ಬೇರೆ, ಒದ್ದೆ ಪ್ಯಾಂಟಲ್ಲಿ ಆ ಒಡ್ಡಿನ ಮೇಲೆ ಕೂತು ಕೇಳಿದ್ದೇ ಬೇರೆ.

ಓಪನ್ ಸ್ಟುಡಿಯೋಗೆ ಸಂಘದವರನ್ನೂ ಕರೆದೆವು. ಜಿಪಿಎಸ್ ಮ್ಯಾಪುಗಳ ಮುಂದೆ ಅವರು ನಿಲ್ಲಲೇ ಇಲ್ಲ. ಮೇಡಂ ಬಟ್ಟೆಗಳನ್ನ ಸಾಲಾಗಿ ನೇತು ಹಾಕಿದ್ದರು. ಅಜ್ಜಿ ಒಂದೊಂದೇ ನೋಡಿ ಇದು ಹುಣ್ಣಿಮೆ ನೀರು, ಇದು ಅಷ್ಟಮಿದು ಅಂತ ಗೆರೆಯ ಎತ್ತರ ನೋಡಿ ಹೇಳುತ್ತಾ ಹೋದರು. ಒಂದು ಬಟ್ಟೆ ತಲೆಕೆಳಗಾಗಿತ್ತು, ಅದನ್ನೂ ಹೇಳಿದರು. ಕ್ಯುರೇಟರ್ ಬೇಗ ಬೇಗ ನೋಟ್ಸ್ ಮಾಡಿಕೊಂಡರು. ನಾನು ಹಳೇ ರಿಪೋರ್ಟ್ ತೆಗೆದು ಮೇಡಂ ಸಾಲು ತಿದ್ದೋಕೆ ಹೋದೆ. ಶೀಟ್ ಲಾಕ್ ಆಗಿದೆ, ಎಡಿಟ್ ಪರ್ಮಿಶನ್ ಕೇಳಿದರೆ ಅಡ್ಮಿನ್ ರಜೆ.

ಇದೇ ಕೆಲಸದಲ್ಲಿ ಇರೋರಿಗೆ ಎರಡು ಮಾತು. ಇಳಿತದಲ್ಲಿ ಬಿಚ್ಚಿದ್ದನ್ನ ಇಳಿತದಲ್ಲೇ ಮುಚ್ಚಿ, ಶಾಟ್ ಆಮೇಲೆ. ಬೀಚಿನ ಟೈಡ್ ಆ್ಯಪ್ ನಂಬಿ ಒಳನಾಡಿನ ಹೊಳೆಗೆ ಹೋಗಬೇಡಿ, ಪಣಜಿಯ ಹೊತ್ತು ಮೇಲಿನ ಊರುಗಳಿಗೆ ತಡವಾಗಿ ತಲುಪುತ್ತೆ. ಇನ್ನೂ ಒಂದು ಇದೆ, ಮ್ಯಾನೇಜ್‌ಮೆಂಟಿಗೆ: ಏಡಿ ಬಿಲ ತೋಡಿದ ಒಡ್ಡಿನ ಮೇಲೆ ಇಪ್ಪತ್ತು ಜನ ಶೂ ಹಾಕಿ ಗೆರೆ ಮೂಡೋ ತನಕ ನಡೆದರೆ ಅದು ಕೃತಿ ಅಲ್ಲ, ಒಡೆಯೋ ಜಾಗ.

ಸಂಘದವರು ದಂಡ ಕೇಳಲಿಲ್ಲ. ನಾವು ತುಳಿದು ಸಡಿಲ ಮಾಡಿದ ಕಡೆಗೆ ಒಂದು ದೋಣಿ ಕೆಸರುಮಣ್ಣು, ಅದನ್ನ ಹಾಕೋ ಕೂಲಿ ಕೊಡಿ ಅಂದರು. ಕೊಪ್ಪಳದ ಅಣ್ಣನದ್ದೇ ಕೂಲಿ. ನಾನು ನನ್ನ ಕೈಯಿಂದ ಕೊಟ್ಟು ರಿಇಂಬರ್ಸ್‌ಮೆಂಟಿಗೆ ಹಾಕಿದೆ. ಫೈನಾನ್ಸಿನವರು ಮೂರು ಕೊಟೇಶನ್ ಕೇಳಿದರು. ದೋಣಿಯವನ ಪ್ಯಾನ್ ಕಾರ್ಡ್ ಕೇಳಿದರು. ಈಗ ಕೆಸರಿಗೆ ಜಿಎಸ್‌ಟಿ ಬಿಲ್ಲಲ್ಲಿ ಹಾಕೋ ಎಚ್‌ಎಸ್‌ಎನ್ ಕೋಡ್ ಕೇಳಿದ್ದಾರೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ, ಮಾರ್ಚ್ ಒಳಗೆ ಹಾಕದಿದ್ದರೆ ಬಿಲ್ ಲ್ಯಾಪ್ಸ್ ಆಗುತ್ತಂತೆ.