ಕಲ್ಲಿನ ರಥದ ಪೋಸ್ಟರ್ ಮತ್ತು 'ಕೃಪೆ: ಅಂತರ್ಜಾಲ'

ಹಂಪಿಯ ಕಲ್ಲಿನ ರಥದ ಬಗ್ಗೆ ಗ್ರಂಥಾಲಯಕ್ಕೊಂದು ಎ2 ಅಳತೆಯ ಪೋಸ್ಟರ್. ಒಂದು ದಿನದ ಕೆಲಸ. ನಾಲ್ಕು ಫೋಟೊ, ಕನ್ನಡ ವಿಕಿಪೀಡಿಯದ ಎರಡು ಪ್ಯಾರಾ, ಜನರೇ ಸೇರಿ ರೂಪಿಸುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಒಂದು ನಕ್ಷೆ. ರಥ ಹಳೆಯದು, ಅದಕ್ಕೆ ಹಕ್ಕುಸ್ವಾಮ್ಯವಿಲ್ಲ. ಆದರೆ ಅದರ ಫೋಟೊಗೆ ಇದೆ. ಗೊಂದಲ ಹುಟ್ಟುವುದೇ ಇಲ್ಲಿ.

ಮೂರು ಫೋಟೊ ಮುಕ್ತ ಚಿತ್ರಗಳ ಭಂಡಾರ ವಿಕಿಮೀಡಿಯ ಕಾಮನ್ಸ್‌ನವು: ಎರಡು ಸಿಸಿ ಬೈ-ಎಸ್‌ಎ 3.0, ಒಂದು 4.0. ಇದು ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿ: ಕರ್ತೃವಿನ ಹೆಸರು ಹೇಳಬೇಕು (ಬೈ), ಬದಲಿಸಿದ್ದನ್ನು ಅದೇ ಪರವಾನಗಿಯಲ್ಲಿ ಹಂಚಬೇಕು (ಎಸ್‌ಎ); ಅಂಕಿ ಅದರ ಆವೃತ್ತಿ. ಇವನ್ನು ಬೆರೆಸಿ ಒಂದೇ ಚಿತ್ರ ಮಾಡಬಹುದು, ಏಕೆಂದರೆ 3.0ರ ರೂಪಾಂತರವನ್ನು ಅದೇ ಪರವಾನಗಿಯ ನಂತರದ ಆವೃತ್ತಿಯಲ್ಲಿ ಹಂಚಲು ಅವಕಾಶವಿದೆ. ಒಟ್ಟು ಚಿತ್ರಕ್ಕೆ 4.0 ಹಾಕಿದರಾಯಿತು. ಮೂರರಲ್ಲಿ ಒಂದಕ್ಕೆ ಜಿಎಫ್‌ಡಿಎಲ್ ಎಂಬ ಇನ್ನೊಂದು ಮುಕ್ತ ಪರವಾನಗಿಯ ಆಯ್ಕೆಯೂ ಇತ್ತು. ಅದನ್ನು ಮುಟ್ಟದಿರುವುದೇ ಒಳ್ಳೆಯದು: ಅದನ್ನು ಆರಿಸಿಕೊಂಡರೆ ಪರವಾನಗಿಯ ಪೂರ್ತಿ ಪಠ್ಯವನ್ನೇ ಜೊತೆಗೆ ಅಚ್ಚು ಹಾಕಬೇಕು!

ತೊಡಕು ನಾಲ್ಕನೆಯದರಲ್ಲಿ. ಫೋಟೊ ಹಂಚುವ ತಾಣ ಫ್ಲಿಕರ್‌ನ ಆ ಸುಂದರ ಸಂಜೆ ಫೋಟೊ ಬೈ-ಎನ್‌ಸಿ-ಎಸ್‌ಎ; ಎನ್‌ಸಿ ಎಂದರೆ ವಾಣಿಜ್ಯ ಬಳಕೆ ಬೇಡ. ಎಸ್‌ಎ ಇದ್ದ ಮಾತ್ರಕ್ಕೆ ಇದೂ ಬೈ-ಎಸ್‌ಎಯೂ ಬೀಗರಾಗುವುದಿಲ್ಲ. ಬೈ-ಎಸ್‌ಎ ವಾಣಿಜ್ಯ ಬಳಕೆಗೆ ಬಿಡುತ್ತದೆ, ಇದು ಬಿಡುವುದಿಲ್ಲ; ಬೆಸೆದ ಚಿತ್ರಕ್ಕೆ ಹಾಕಲು ಪರವಾನಗಿಯೇ ಉಳಿಯದು. ಬೆಸೆಯದೆ, ಅದರದೇ ಚೌಕಟ್ಟಿನಲ್ಲಿ ಪಕ್ಕದಲ್ಲಿಟ್ಟರೆ ಅದು ಬರೀ ಸಂಗ್ರಹ, ತಕರಾರಿಲ್ಲ. ಆದರೆ ನಾಳೆ ಪೋಸ್ಟರನ್ನು ಇಪ್ಪತ್ತು ರೂಪಾಯಿಗೆ ಮಾರಲು ಹೊರಟರೆ ಎನ್‌ಸಿ ಅಡ್ಡ ಬರುತ್ತದೆ. ಹಾಗಾಗಿ ಅದನ್ನು ಕೈಬಿಟ್ಟು ಕರ್ತೃ ತನ್ನ ಹಕ್ಕನ್ನೆಲ್ಲ ಬಿಟ್ಟುಕೊಟ್ಟ ಸಿಸಿ0 ಫೋಟೊ ಒಂದನ್ನು ಹಾಕಲಾಯಿತು. ನೋಡಲು ಕೊಂಚ ಸಪ್ಪೆ.

ನಮ್ಮ ಪತ್ರಿಕೆಗಳ 'ಕೃಪೆ: ಅಂತರ್ಜಾಲ' ಹೆಸರು ಕೇಳುವ ಯಾವ ಪರವಾನಗಿಗೂ ಸಾಲದು. ಕೃತಿಯ ಹೆಸರು (4.0ರಲ್ಲಿ ಕಡ್ಡಾಯವಲ್ಲ), ಕರ್ತೃ ತಾನೇ ಸೂಚಿಸಿದ ರೂಪದಲ್ಲಿ ಆತನ ಹೆಸರು, ಮೂಲದ ವಿಳಾಸ, ಪರವಾನಗಿ ಮತ್ತು ಅದರ ಆವೃತ್ತಿ, ಕತ್ತರಿಸಿದ್ದರೆ ಅಥವಾ ಬಣ್ಣ ತಿದ್ದಿದ್ದರೆ ಆ ಮಾತು, ಇಷ್ಟೂ ಬೇಕು. ವಿಕಿಪೀಡಿಯದ ಪಠ್ಯಕ್ಕೆ ಕರ್ತೃಗಳ ಹೆಸರಿನ ಬದಲು ಪುಟದ ಕೊಂಡಿ ಸಾಕು, ಬರೆದವರ ಪಟ್ಟಿ ಅದರ ಇತಿಹಾಸದಲ್ಲಿದೆ. ನಕ್ಷೆಯ ಮೂಲೆಯಲ್ಲಿ '© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು'. ಇದನ್ನೆಲ್ಲ ಡೌನ್‌ಲೋಡ್ ಮಾಡಿದ ಗಳಿಗೆಯಲ್ಲೇ ಸ್ಪ್ರೆಡ್‌ಶೀಟಿಗೆ ಬರೆದುಕೊಳ್ಳಬೇಕು. ಕಡತದ ಹೆಸರು ಬದಲಾಯಿತೆಂದರೆ ಮೂಲ ಹುಡುಕಲು ಅರ್ಧ ದಿನ ಹೋಗುತ್ತದೆ. ಷರತ್ತು ಮುರಿದರೆ ಬಳಸುವ ಹಕ್ಕೇ ಹೋಗುತ್ತದೆ; 4.0ರಲ್ಲಿ ತಪ್ಪು ಗೊತ್ತಾದ 30 ದಿನದೊಳಗೆ ತಿದ್ದಿದರೆ ಅದು ತಾನಾಗಿ ಮರಳುತ್ತದೆ, 3.0ರಲ್ಲಿ ಆ ಸೌಲಭ್ಯವಿಲ್ಲ.

ಕಾಗದದ ಮೇಲೆ ಕೊಂಡಿ ಒತ್ತಲಾಗದು. ವಿಳಾಸಗಳಿಗೆ ಒಂದು ಕ್ಯೂಆರ್ ಕೋಡ್, ಹೆಸರುಗಳು ಮಾತ್ರ ಅಚ್ಚಿನಲ್ಲೇ. ಪ್ರೂಫ್ ಬಂದಾಗ ಎಲ್ಲ ಸರಿ. ಚೌಕಟ್ಟು ಹಾಕಿದಾಗ ಅದರ ಅಂಚು ಕೆಳಗಿನ ಒಂದು ಸೆಂಟಿಮೀಟರನ್ನು ನುಂಗಿತು, ಹೆಸರುಗಳಿದ್ದ ಸಾಲನ್ನೇ. ಅದನ್ನು 25 ಮಿಲಿಮೀಟರ್ ಮೇಲೆತ್ತಿ ಮತ್ತೆ ಮುದ್ರಿಸಬೇಕಾಯಿತು.