ಬಿಳಿ, ಗುಲಾಬಿ, ಹಳದಿ ಹಾಳೆಗಳ ನಡುವೆ ಒಂದು ಕ್ಯೂಆರ್ ಕೋಡ್

2023ರ ವಿಧಾನಸಭೆ ಚುನಾವಣೆ. ಮೇ 10ರ ಮತದಾನಕ್ಕೆ ವಾರವಿರುವಾಗ ಪಕ್ಷೇತರ ಅಭ್ಯರ್ಥಿಯೊಬ್ಬರ ಖರ್ಚಿನ ರಿಜಿಸ್ಟರ್ ಚುನಾವಣಾ ಆಯೋಗದ ವೆಚ್ಚ ವೀಕ್ಷಕರ ಮುಂದೆ ಹೋಗಬೇಕಿತ್ತು. ಪ್ರಚಾರದ ಅವಧಿಯಲ್ಲಿ ಇಂಥ ತಪಾಸಣೆ ಕನಿಷ್ಠ ಮೂರು ಸಲ.

ರಿಜಿಸ್ಟರಿಗೆ ಮೂರು ಬಣ್ಣ. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕ್ ವ್ಯವಹಾರ. ಹಣ ಕೊಟ್ಟಿಲ್ಲವೆಂದು ಬಿಲ್ಲನ್ನು ಡ್ರಾಯರ್‌ನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಬಾಕಿಯೂ ಖರ್ಚೇ, ಖರ್ಚಾದ ದಿನದ ಲೆಕ್ಕಕ್ಕೇ ಅದು ಸೇರಬೇಕು. ನಾಮಪತ್ರಕ್ಕೆ ಮುಂಚೆ ಮುದ್ರಿಸಿ ಆಮೇಲೆ ಹಂಚಿದ ಕರಪತ್ರವೂ ಅಷ್ಟೆ. ಎಲ್ಲ ಸೇರಿ 40 ಲಕ್ಷ ರೂಪಾಯಿ ದಾಟುವಂತಿಲ್ಲ.

ಮೊದಲ ಎಡವಟ್ಟು ಶಾಮಿಯಾನದವರದು. ಸೋಮವಾರ 8,000, ಗುರುವಾರ 6,000, ಎರಡೂ ನಗದು. ‘ಒಂದೊಂದೂ ಹತ್ತು ಸಾವಿರದೊಳಗೇ ಇದೆಯಲ್ಲ ಸಾರ್’ ಎಂದ ಹುಡುಗನ ಲೆಕ್ಕ ತಪ್ಪು. 10,000ದ ಮಿತಿ ದಿನಕ್ಕಲ್ಲ, ಬಿಲ್ಲಿಗೂ ಅಲ್ಲ. ಇಡೀ ಚುನಾವಣೆಗೆ ಒಬ್ಬ ವ್ಯಕ್ತಿ ಅಥವಾ ಒಂದು ಸಂಸ್ಥೆಗೆ ಅಷ್ಟೇ. ಹೆಚ್ಚಾದರೆ ಚೆಕ್, ಡಿಡಿ, ಆರ್‌ಟಿಜಿಎಸ್, ನೆಫ್ಟ್ ಅಥವಾ ಚುನಾವಣಾ ಖಾತೆಗೆ ಜೋಡಿಸಿದ ಬೇರೆ ಎಲೆಕ್ಟ್ರಾನಿಕ್ ದಾರಿ. ‘ಜೋಡಿಸಿದ’ ಎಂಬ ಮಾತಿನಲ್ಲೇ ಎಡವುವುದು ಜಾಸ್ತಿ. ಊಟದ ಬಿಲ್ಲು ಬಂದಾಗ ಎದುರಿಗಿದ್ದ ಕಾರ್ಯಕರ್ತ ತನ್ನ ಫೋನಿನಿಂದ ಸ್ಕ್ಯಾನ್ ಮಾಡಿ ಕೊಟ್ಟುಬಿಡುತ್ತಾನೆ. ಹಣ ಹೋಗಿದ್ದು ಅವನ ಖಾತೆಯಿಂದ. ಹಳದಿ ಹಾಳೆಯಲ್ಲಿ ಆ ಸಾಲೇ ಇಲ್ಲ. ಅದಕ್ಕೇ ನಾಮಪತ್ರದ ಹಿಂದಿನ ದಿನದೊಳಗೆ ತೆರೆಯುವ ಖಾತೆಯ ಯುಪಿಐ ಒಂದೇ ಫೋನಿನಲ್ಲಿರಬೇಕು, ಆ ಫೋನು ಅಭ್ಯರ್ಥಿಯ ಚುನಾವಣಾ ಏಜೆಂಟರ ಜೇಬು ಬಿಟ್ಟು ಕದಲಬಾರದು.

ಖರ್ಚಿಗಿಂತ ದೊಡ್ಡ ತಲೆನೋವು ದೇಣಿಗೆ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಕ್ಯೂಆರ್ ಕೋಡ್‌ಗೆ ಅಭಿಮಾನಿಗಳು 101, 501, 2,000 ಎಂದು ಕಳಿಸುತ್ತಲೇ ಇದ್ದರು. ರಿಜಿಸ್ಟರ್ ಕೇಳುವುದು ಕೊಟ್ಟವರ ಹೆಸರು, ವಿಳಾಸ. ಸ್ಟೇಟ್‌ಮೆಂಟ್ ಹೇಳುವುದು ಅರ್ಧ ಕತ್ತರಿಸಿದ ಹೆಸರು, ಒಂದು ಯುಪಿಐ ಐಡಿ, 12 ಅಂಕಿಯ ರೆಫರೆನ್ಸ್ ನಂಬರ್. ‘ಮಂಜುನಾ’ ಎಂದರೆ ಯಾವ ಮಂಜುನಾಥ? ಚೆಕ್ಕಿನ ಕಾಲಕ್ಕೆ ಹೊಲಿದ ಅಂಗಿಯಿದು, ಫೋನಿನ ಕಾಲದ ಮೈಗೆ ಬಿಗಿ. ಕ್ಯೂಆರ್ ಜೊತೆಗೇ ಒಂದು ಫಾರ್ಮ್ ಹಾಕಿ, ಹೆಸರು, ವಿಳಾಸ, ರೆಫರೆನ್ಸ್ ನಂಬರ್ ತುಂಬಿಸಿಕೊಂಡು, ಅದೇ ರಾತ್ರಿ ಸ್ಟೇಟ್‌ಮೆಂಟಿಗೆ ತಾಳೆ ಹಾಕಿದರೆ ಉಸಿರಾಡಬಹುದು. ಮೂರು ದಿನ ಬಿಟ್ಟರೆ ಯಾರೂ ಫೋನ್ ಎತ್ತುವುದಿಲ್ಲ. ನನ್ನ ಮಟ್ಟಿಗೆ, ಆಯೋಗ ಮೊದಲು ತಿದ್ದಬೇಕಾದ್ದು ಇದನ್ನೇ: ದಾನಿಯ ವಿವರ ತುಂಬದೆ ಹಣವೇ ಒಳಬರದ ದಾರಿಯೊಂದನ್ನು ಮಾಡಿಕೊಡಲಿ.

ತಪಾಸಣೆಯಲ್ಲಿ ವೀಕ್ಷಕರ ಪಕ್ಕಕ್ಕೆ ಇನ್ನೊಂದು ಪುಸ್ತಕ ಇರುತ್ತದೆ, ಶ್ಯಾಡೋ ರಿಜಿಸ್ಟರ್. ವಿಡಿಯೊ ತಂಡ ಸಭೆಯ ಕುರ್ಚಿ, ಮೈಕು, ವಾಹನಗಳನ್ನು ಚಿತ್ರಿಸಿಕೊಂಡು ಬಂದಿರುತ್ತದೆ; ಎಣಿಸಿ ದರಪಟ್ಟಿಯಿಂದ ಗುಣಿಸಿ ಅದರಲ್ಲಿ ಬರೆದಿರುತ್ತಾರೆ. ನಮ್ಮಲ್ಲಿ 500 ಕುರ್ಚಿ, ಅವರಲ್ಲಿ 800. ಬಿಲ್ಲು ತೋರಿಸಿದರೂ ವಿಡಿಯೊ ನಿಲ್ಲಿಸಿ ಸಾಲು ಎಣಿಸಿದರು. ಪಕ್ಕದ ಶಾಲೆಯಿಂದ ತಂದ ಬೆಂಚುಗಳು! ಬಿಟ್ಟಿ ಸಿಕ್ಕರೂ ಮಾರುಕಟ್ಟೆ ಬೆಲೆ ಕಟ್ಟಿ ತೋರಿಸಬೇಕೆಂಬುದು ಬಹುತೇಕರಿಗೆ ಗೊತ್ತೇ ಇರುವುದಿಲ್ಲ. ಇಂಥ ವ್ಯತ್ಯಾಸಕ್ಕೆ ನೋಟಿಸು ಬರುತ್ತದೆ, 48 ಗಂಟೆಯಲ್ಲಿ ಉತ್ತರ ಕೊಡಬೇಕು. ಫೇಸ್‌ಬುಕ್ ಜಾಹೀರಾತಿನ ದುಡ್ಡು, ರೀಲ್ಸ್ ಮಾಡುವ ಹುಡುಗರ ಸಂಬಳ ಎರಡೂ ಖರ್ಚೇ. ಆ ಸಂಬಳವನ್ನಂತೂ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟು ಅಭ್ಯರ್ಥಿಗೆ ಮಾತ್ರ. ಪಕ್ಷದ ಒಟ್ಟು ಖರ್ಚಿಗೆ ಮಿತಿಯೇ ಇಲ್ಲ. ಹೆಸರಿಲ್ಲದೆ ಪಕ್ಷಗಳಿಗೆ ಹಣ ತಲುಪಿಸುತ್ತಿದ್ದ ಚುನಾವಣಾ ಬಾಂಡನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದುಪಡಿಸಿತು. ಆದರೆ 2023ರ ಆ ರಾತ್ರಿ ನಾವು 101 ರೂಪಾಯಿ ಕೊಟ್ಟ ಮಂಜುನಾಥನ ಮನೆ ನಂಬರ್ ಹುಡುಕುತ್ತಿದ್ದಾಗ ಅದು ಜಾರಿಯಲ್ಲೇ ಇತ್ತು.

ಫಲಿತಾಂಶ ಮೇ 13ಕ್ಕೆ. ಅಲ್ಲಿಂದ 30 ದಿನದೊಳಗೆ ವೋಚರು, ಸ್ಟೇಟ್‌ಮೆಂಟ್, ಪ್ರಮಾಣಪತ್ರದೊಂದಿಗೆ ಅಂತಿಮ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಬೇಕು. ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ ಆಯೋಗ 3 ವರ್ಷ ಅನರ್ಹಗೊಳಿಸಬಹುದು, ಸೋತವರನ್ನೂ. ಎಣಿಕೆ ಮುಗಿದ ಮೇಲೂ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಆ ಕ್ಯೂಆರ್ ಪೋಸ್ಟರ್ ಹಾಗೇ ಇತ್ತು. ಮರುದಿನ ಸಂಜೆ ಏಜೆಂಟರ ಫೋನು ಮತ್ತೆ ಟಿಂಗ್ ಎಂದಿತು: 51 ರೂಪಾಯಿ, ಹೆಸರು ‘ಲಕ್ಷ್ಮಮ್’.