ಕೋಳಿ ಬಾಯಿ ತೆರೆಯುವ ಮುನ್ನ

ರಾಯಚೂರು ಸೀಮೆಯಲ್ಲಿ ಮೇ ತಿಂಗಳ ದಿನವೊಂದು ಹಿತ್ತಲ ಕೋಳಿಗಳ ಪಾಲಿಗೆ ನಸುಕಿನ ಐದಕ್ಕೇ ಶುರುವಾಗುತ್ತದೆ. ಕಲ್ಲುಗೋಡೆಗೆ ಒರಗಿಸಿ ಕಟ್ಟಿದ ಗೂಡಾದರೆ ಹಿಂದಿನ ದಿನದ ಕಾವು ಆಗಲೂ ಒಳಗೇ ಇರುತ್ತದೆ. ಬಾಗಿಲು ತೆಗೆದ ಕೂಡಲೇ ಕಾಳು ಹಾಕಿಬಿಡಬೇಕು. ಜೋಳ, ನುಚ್ಚು, ತೌಡು ಏನೇ ಇರಲಿ, ಎಂಟು ಗಂಟೆಯ ಹೊತ್ತಿಗೆ ಅಲ್ಲಿ ಉಳಿದಿರಬಾರದು. ತಿಂದದ್ದು ಅರಗುವಾಗ ಮೈಯಲ್ಲಿ ಹುಟ್ಟುವ ಶಾಖ ನಾಲ್ಕರಿಂದ ಆರು ಗಂಟೆಯ ನಂತರ ಏರುತ್ತದೆ. ಒಂಬತ್ತೂವರೆಗೆ ಹೊಟ್ಟೆ ತುಂಬ ತಿಂದ ಕೋಳಿಗೆ ಎರಡು ಗಂಟೆಗೆ ಹೊರಗಿನ 42 ಡಿಗ್ರಿಯ ಜೊತೆ ಒಳಗಿನ ಬೆಂಕಿಯೂ ಸೇರುತ್ತದೆ. ಪಾಪ ಹಸಿದಿದೆ ಎಂದು ಮಧ್ಯಾಹ್ನ ಒಂದು ಹಿಡಿ ಮೆಕ್ಕೆಜೋಳ ಎಸೆಯುವ ಕರುಣೆ ಬೇಡವೇ ಬೇಡ. ಬೇಕಿದ್ದರೆ ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ ಹಾಕಿ.

ಕೋಳಿಗೆ ಬೆವರಿಲ್ಲ. ಸುಮಾರು 41 ಡಿಗ್ರಿ ಇರುವ ಮೈಯ ಶಾಖ ಹೊರಹೋಗುವುದು ಜುಟ್ಟು, ಗಲ್ಲದ ಜೋಲು, ಕಾಲು ಮತ್ತು ಉಸಿರಿನ ಮೂಲಕ. ಗಾಳಿಯೇ ಮೈಗಿಂತ ಬಿಸಿಯಾದ ಮೇಲೆ ಉಳಿಯುವ ದಾರಿ ಉಸಿರೊಂದೇ. ತೇಕಿದಷ್ಟೂ ನೀರು ಆವಿಯಾಗುತ್ತದೆ, ಅಷ್ಟನ್ನೂ ಕುಡಿದು ತುಂಬಿಕೊಳ್ಳಬೇಕು. ಸಾಧಾರಣ ದಿನದಲ್ಲಿ ಕಾಲು ಲೀಟರ್ ಕುಡಿಯುವ ಹೇಟೆ ಈ ಬಿಸಿಲಿಗೆ ಅರ್ಧ ಲೀಟರ್ ಕೇಳುತ್ತದೆ. ಹತ್ತು ಕೋಳಿಗೆ ಆರು ಲೀಟರ್ ಇಟ್ಟರೂ ಒಂದೇ ಕಡೆ ಇಟ್ಟರೆ ಫಲವಿಲ್ಲ. ಜೋರಿನ ಹೇಟೆ ಉಳಿದವನ್ನು ಕುಕ್ಕಿ ಓಡಿಸುತ್ತದೆ. ಮೂರು ಮಣ್ಣಿನ ಬೋಗುಣಿ, ಮೂರು ನೆರಳು. ಪ್ಲಾಸ್ಟಿಕ್ ಬಕೆಟ್ಟಿನ ನೀರು ಬಿಸಿಯೇರಿತೆಂದರೆ ಕೋಳಿ ಕೊಕ್ಕು ಅದ್ದಿ ಸುಮ್ಮನಾಗುತ್ತದೆ. ಬೋಗುಣಿ ತುಂಬಿಯೇ ಇದೆಯಲ್ಲ ಎಂದು ಮನೆಯವರು ಸಮಾಧಾನಪಡುತ್ತಾರೆ. ತುಂಬಿರುವುದೇ ಅಪಾಯದ ಗುರುತು. ಹನ್ನೊಂದು, ಒಂದು, ಮೂರು ಗಂಟೆಗೆ ಚೆಲ್ಲಿ ಬದಲಿಸಿ. ಮಾಳಿಗೆಯ ಕರಿ ಟ್ಯಾಂಕಿನಿಂದ ನೇರವಾಗಿ ಹಿಡಿಯಬೇಡಿ. ಕೊಡದಲ್ಲಿ ತಣಿದ ನೀರೇ ಆಗಬೇಕು. ಮರಿಗಳ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿಟ್ಟರೆ ಮುಳುಗುವುದಿಲ್ಲ.

ಹನ್ನೊಂದರಿಂದ ನಾಲ್ಕರವರೆಗೆ ಒಂದು ಬೋಗುಣಿಯಲ್ಲಿ ಮಾತ್ರ ಬೆಲ್ಲದ ನೀರಿಡಬಹುದು: ಒಂದು ಲೀಟರ್ ನೀರಿಗೆ ಕಾಲು ಚಹಾ ಚಮಚ ಉಪ್ಪು, ಒಂದು ದೊಡ್ಡ ಚಮಚ ಬೆಲ್ಲ. ಪಕ್ಕದಲ್ಲೇ ಸಪ್ಪೆ ನೀರು ಇರಲೇಬೇಕು. ಉಪ್ಪು ಹೆಚ್ಚಾದರೆ ಹಿಕ್ಕೆ ನೀರಾಗಿ ಕೋಳಿಯ ಮೈ ಇನ್ನಷ್ಟು ಒಣಗುತ್ತದೆ. ಉಳಿದದ್ದು ಸಂಜೆಗೆ ಹುಳಿಯುತ್ತದೆ, ಚೆಲ್ಲಿಬಿಡಿ.

ತಗಡಿನ ಮಾಡಿಗೆ ಸುಣ್ಣ ಬಳಿದು, ಮೇಲೆ ಅರ್ಧ ಅಡಿ ಜೋಳದ ಸೊಪ್ಪೆ ಹರವಿ, ಗಾಳಿಗೆ ಹಾರದಂತೆ ಹಗ್ಗ ಬಿಗಿಯುವುದು ಮಾರ್ಚ್‌ನಲ್ಲೇ ಮುಗಿದಿರಬೇಕಾದ ಕೆಲಸ. ಪಡುವಣ ಬದಿಗೆ ಒದ್ದೆ ಗೋಣಿಚೀಲ ಇಳಿಬಿಡಿ, ಮೇಲೂ ಕೆಳಗೂ ಒಂದೊಂದು ಗೇಣು ಖಾಲಿ ಇರಲಿ. ಒಣ ಗಾಳಿಯ ರಾಯಚೂರಿಗೆ ಇದು ಸರಿ. ಇದನ್ನೇ ಮಂಗಳೂರಿನಲ್ಲಿ ಮಾಡಿದರೆ ಗೂಡೊಳಗೆ ತೇವ ಕವಿದು ಕೋಳಿಯ ಉಸಿರಿನ ನೀರು ಆವಿಯಾಗುವುದೇ ಇಲ್ಲ. ಕರಾವಳಿಗೆ ಬೇಕಾದದ್ದು ಗಾಳಿಯಾಡುವ ಜಾಲರಿ, ಸಾಧ್ಯವಾದರೆ ಒಂದು ಫ್ಯಾನು.

ಒಂದು ಗಂಟೆಗೆ ಎಲ್ಲವೂ ರೆಕ್ಕೆ ಅಗಲಿಸಿ, ಬಾಯಿ ತೆರೆದು, ಬೇವಿನ ಬುಡದ ಮಣ್ಣು ಕೆದಕಿ ಮಲಗಿರುತ್ತವೆ. ಅಷ್ಟಕ್ಕೆ ಗಾಬರಿ ಬೇಡ. ಜುಟ್ಟು ಬಿಳಿಚಿ ಅಥವಾ ನೀಲಿಗಟ್ಟಿ, ಕಣ್ಣು ಮುಚ್ಚಿ, ಹತ್ತಿರ ಹೋದರೂ ಏಳದಿದ್ದರೆ ತಡಮಾಡಬಾರದು. ಮೂರು ಕಿಲೋ ದಾಟಿದ ಗಿರಿರಾಜ ತಳಿಯ ಕೋಳಿ ನಾಟಿ ಕೋಳಿಗಿಂತ ಮೊದಲು ಕುಸಿಯುತ್ತದೆ, ಬೋಳು ಕತ್ತಿನ ಕೋಳಿ ಹೆಚ್ಚು ತಾಳುತ್ತದೆ. ಬಿದ್ದ ಕೋಳಿಯನ್ನು ನೆರಳಿಗೆ ತಂದು, ಕಾಲುಗಳನ್ನು ಕೊಡದ ನೀರಿನಲ್ಲಿ ಹತ್ತು ನಿಮಿಷ ಇಳಿಬಿಟ್ಟು, ಜುಟ್ಟಿಗೂ ರೆಕ್ಕೆಯಡಿಗೂ ಅದೇ ನೀರು ಹಚ್ಚಿ. ಐಸ್ ನೀರು ಬೇಡ. ಚರ್ಮದ ರಕ್ತನಾಳಗಳು ಕುಗ್ಗಿ ಶಾಖ ಒಳಗೇ ಸಿಕ್ಕಿಬೀಳುತ್ತದೆ. ಗಂಟಲಿಗೆ ನೀರು ಸುರಿದರೆ ಶ್ವಾಸನಾಳಕ್ಕೆ ಹೋಗಿ ಅಲ್ಲೇ ಸಾಯಬಹುದು. ಕೊಕ್ಕಿನ ಬದಿಗೆ ಹನಿ ಹನಿಯಾಗಿ ಮುಟ್ಟಿಸಿದರೆ ತಾನೇ ನುಂಗುತ್ತದೆ.

ಕಾವಿಗೆ ಕೂತ ಹೇಟೆಯನ್ನು ಎಲ್ಲರೂ ಮರೆಯುತ್ತಾರೆ. ಅದು ಬಾಯಾರಿದರೂ ಏಳದು, ಮೂಲೆಯಲ್ಲೇ ಸದ್ದಿಲ್ಲದೆ ಒಣಗುತ್ತದೆ. ನಸುಕಿನಲ್ಲಿ ಎತ್ತಿ ಹೊರಗೆ ಬಿಟ್ಟು, ಆಮೇಲೆ ಕತ್ತು ಚಾಚಿದರೆ ಸಿಗುವಲ್ಲಿ ನೀರಿಡಿ. ನಿಜ ಹೇಳಬೇಕೆಂದರೆ ಮೇ ತಿಂಗಳಲ್ಲಿ ಕಾವಿಗೆ ಕೂರಿಸದಿರುವುದೇ ಮೇಲು.

ಬಿಸಿಲು ಇಳಿಯಿತೆಂದು ನಾಲ್ಕಕ್ಕೆ ಕೈಬಿಡಬೇಡಿ. ದಿನವಿಡೀ ಮೈಯಲ್ಲಿ ಕೂಡಿದ ಶಾಖಕ್ಕೆ ಎಷ್ಟೋ ಕೋಳಿ ಸಂಜೆಯ ಹೊತ್ತಿಗೇ ಬೀಳುತ್ತವೆ. ಆಗ ಹಿಡಿಯಲು ಅಟ್ಟಿಸಿಕೊಂಡು ಹೋಗುವುದು, ಬೇರೆ ಗೂಡಿಗೆ ಸಾಗಿಸುವುದು ಬೇಡ. ಕೋಳಿಗೆ ಬರುವ ರಾಣಿಖೇತ್ ರೋಗದ ಲಸಿಕೆಯೂ ಬೆಳಗಿನ ತಂಪಿನಲ್ಲೇ ಆಗಲಿ.

ಹೊತ್ತು ಮುಳುಗುವ ಮುಂಚೆ ದಿನದ ದೊಡ್ಡ ಊಟ, ಜೊತೆಗೆ ಪುಡಿ ಮಾಡಿದ ಕಪ್ಪೆಚಿಪ್ಪು. ತೇಕುವಾಗ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗಿ ರಕ್ತದ ಸಮತೋಲ ತಪ್ಪುವುದರಿಂದಲೇ ಬೇಸಿಗೆಯ ಮೊಟ್ಟೆ ಒತ್ತಿದರೆ ಒಡೆಯುವಷ್ಟು ತೆಳು. ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿ, ಹಾಗಾಗಿ ಸುಣ್ಣದಂಶ ಸಂಜೆಗೇ ಹೊಟ್ಟೆಯಲ್ಲಿರಬೇಕು. ಎಂಟು ಗಂಟೆಗೆ ಟಾರ್ಚ್ ಹಿಡಿದು ಒಮ್ಮೆ ನೋಡಿ: ಬಾಯಿ ಮುಚ್ಚಿ ಕೂತಿದ್ದರೆ ಸರಿ. ಇನ್ನೂ ತೇಕುತ್ತಿದ್ದರೆ ಹಲಗೆ ಬಾಗಿಲು ತೆರೆದೇ ಇರಲಿ, ಜಾಲರಿ ಬಾಗಿಲಿಗೆ ಚಿಲಕ ಹಾಕಿ.